ಕಾಡಿನ ನಾಡಿನಲ್ಲಿ ಬಿಡಾರ

ಹುನಗುಂದದ ಸೀಮೆಯ ರಾಮಥಾಳದವನೊಬ್ಬನು ಕಾಡು, ಕಡಲತೀರಗಳ ತಂಗುದಾಣಗಳನ್ನು ಕುರಿತು ಬರೆಯಹೊರಟರೆ ಓದುಗರು ನಕ್ಕಾರು. ನಮ್ಮದು ಎರೆಭೂಮಿ. ವರ್ಷಕ್ಕೆ ಐದಾರು ನೂರು ಮಿಲಿಮೀಟರು ಮಳೆ ಬಂದರೆ ಅದೇ ಭಾಗ್ಯ. ಬಿದ್ದ ನೀರು ಹೊಲ ದಾಟಿ ಓಡದಂತೆ ಒಡ್ಡು ಹಾಕಿ, ಮಣ್ಣು ಹಿಡಿದಿಟ್ಟುಕೊಂಡ ಹಸಿಯನ್ನೇ ನಂಬಿ ಹಿಂಗಾರಿಯ ಬಿಳಿಜೋಳ ಬೆಳೆಯುವ ಜನ ನಾವು. ಈಚಿನ ವರ್ಷಗಳಲ್ಲಿ ನಮ್ಮ ಊರಿನ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದು ಕೂಡ ನೀರಿನಿಂದಲೇ. ನಾರಾಯಣಪುರ ಜಲಾಶಯದ ನೀರನ್ನು ಕೊಳವೆಗಳಲ್ಲಿ ತಂದು, ಸುಮಾರು 24,000 ಹೆಕ್ಟೇರು ಹೊಲಕ್ಕೆ ಹನಿಹನಿಯಾಗಿ ಉಣಿಸಬೇಕೆಂದು ಹೂಡಿದ ಯೋಜನೆಗೆ ರಾಮಥಾಳದ ಹೆಸರೇ ನಿಂತಿದೆ. ಹನಿ ಎಣಿಸಿ ಬದುಕುವ ಊರಿನವನಿಗೆ ಮಳೆಕಾಡಿನ ಮಾತೇಕೆ?

ಕಾರಣ ಎರಡುಂಟು. ಒಂದು, ನೀರಿನ ಬೆಲೆ ಬಲ್ಲವನ ಕಣ್ಣಿಗೆ, ನೀರು ಧಾರಾಳವಾಗಿರುವ ನಾಡಿನ ಕೆಲವು ಸಂಗತಿಗಳು ಬೇಗ ಬೀಳುತ್ತವೆ. ಇನ್ನೊಂದನ್ನು ಲೇಖನದ ಕಡೆಯಲ್ಲಿ ಹೇಳುತ್ತೇನೆ. ಉಪಾಧ್ಯಾಯನಾಗಿದ್ದಾಗ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು, ವೃತ್ತಿ ಮುಗಿದ ಮೇಲೆ ಒಬ್ಬನೇ, ಹುಬ್ಬಳ್ಳಿಯಿಂದ ಯಲ್ಲಾಪುರದ ದಾರಿ ಹಿಡಿದು, ಅರಬೈಲು ಘಟ್ಟವಿಳಿದು ಉತ್ತರ ಕನ್ನಡ ಜಿಲ್ಲೆಯನ್ನು ಹಲವು ಬಾರಿ ಸುತ್ತಿದ್ದೇನೆ. ಕಡಲು, ಅಳಿವೆ, ಕಾಂಡ್ಲಾವನ, ಅಡಿಕೆಯ ಕಣಿವೆ, ನಿತ್ಯಹಸುರಿನ ಕಾಡು, ಹುಲಿ, ಸಿಂಗಳೀಕ, ಮಂಗಟ್ಟೆ ಹಕ್ಕಿ, ಇಷ್ಟೂ ಒಂದೇ ಜಿಲ್ಲೆಯಲ್ಲಿ ಒತ್ತಟ್ಟಿಗೆ ದೊರೆಯುವುದು ನಮ್ಮ ರಾಜ್ಯದಲ್ಲಿಯೂ ಅಪರೂಪವೇ.

ಹಿಂದೆ ಅಲ್ಲಿ ರಾತ್ರಿ ಕಳೆಯಬೇಕಾದರೆ ಪ್ರವಾಸಿ ಮಂದಿರ, ದೇವಸ್ಥಾನದ ಛತ್ರ, ಇಲ್ಲವೆ ಪರಿಚಿತರ ಮನೆ. ಈಗ ದಾಂಡೇಲಿಯಿಂದ ಗೋಕರ್ಣದವರೆಗೆ ದಾರಿಯ ತಿರುವುಗಳಲ್ಲೆಲ್ಲ ಹೋಮ್‌ಸ್ಟೇ, ರೆಸಾರ್ಟ್, ಕಾಟೇಜುಗಳು. ಅವುಗಳಲ್ಲಿ ಹಲವದರ ಫಲಕದ ಮೇಲೆ ‘ಪರಿಸರಸ್ನೇಹಿ’ ಎಂಬ ವಿಶೇಷಣ. ಸಂಸ್ಕೃತದಲ್ಲಿ ಸ್ನೇಹವೆಂದರೆ ಗೆಳೆತನವೂ ಹೌದು, ಎಣ್ಣೆಯೂ ಹೌದು. ಕೆಲವು ಫಲಕಗಳನ್ನು ಓದುವಾಗ, ಬರೆಯಿಸಿದವರ ಮನಸ್ಸಿನಲ್ಲಿದ್ದದ್ದು ವ್ಯಾಪಾರದ ಗಾಡಿಗೆ ಹಚ್ಚುವ ಕೀಲೆಣ್ಣೆಯೇ ಇರಬೇಕೆಂದು ತೋರುವುದುಂಟು. ಎಲ್ಲರೂ ಹಾಗಲ್ಲ. ಹಾಗಾದರೆ ನಿಜವಾದ ಸ್ನೇಹಿಯನ್ನು ಗುರುತಿಸುವುದು ಹೇಗೆ?

ಹಳೆಯ ಅತಿಥಿ, ಹೊಸ ಅತಿಥಿ

ತಿಥಿ ನೋಡದೆ ಬರುವವನೇ ಅತಿಥಿ ಎಂದು ಹಿರಿಯರು ಅರ್ಥ ಹೇಳುತ್ತಿದ್ದರು. ಈಗಿನ ಅತಿಥಿಗೆ ತಿಥಿ ಉಂಟು, ವೇಳೆ ಉಂಟು, ಮುಂಗಡವೂ ಉಂಟು. ಇದು ಕಾಲಧರ್ಮ; ದೂರಿ ಫಲವಿಲ್ಲ. ಆದರೆ ಹಳೆಯ ಅತಿಥಿಗೆ ಒಂದು ಸಂಕೋಚವಿತ್ತು. ಬಾದಾಮಿಯ ಸಮೀಪದ ಬನಶಂಕರಿಯಲ್ಲಿ ಹರಿದ್ರಾತೀರ್ಥದ ಸುತ್ತ ಕಲ್ಲಿನ ಮಂಟಪಗಳ ಸಾಲಿದೆ. ಪುಷ್ಯಮಾಸದ ಜಾತ್ರೆಗೆ ಚಕ್ಕಡಿ ಹೂಡಿಕೊಂಡು ಬಂದವರು ಇಂಥ ನೆರಳಿನಲ್ಲಿ ಬುತ್ತಿ ಬಿಚ್ಚಿ, ಕಂಬಳಿ ಹಾಸಿ ರಾತ್ರಿ ಕಳೆಯುತ್ತಿದ್ದರು. ರೊಟ್ಟಿ ಮನೆಯದು, ಹಾಸಿಗೆ ಮನೆಯದು. ಎತ್ತಿನ ಮೇವು ಕೂಡ ಮನೆಯದು. ಅವರು ಹೋದ ಮೇಲೆ ಅಲ್ಲಿ ಉಳಿಯುತ್ತಿದ್ದದ್ದು ಮೂರು ಕಲ್ಲು, ಒಂದಿಷ್ಟು ಬೂದಿ. ಬನಶಂಕರಿಯೆಂದರೆ ವನದ ಶಂಕರಿಯೇ ತಾನೆ? ಬಯಲುಸೀಮೆಯ ನಾವು ಕಾಡನ್ನು ದೇವಿಯ ಹೆಸರಿನಲ್ಲಿ ಉಳಿಸಿಕೊಂಡಿದ್ದೇವೆ. ಕಾಯಿಪಲ್ಲೆಗಳ ನೈವೇದ್ಯವಿಟ್ಟು ನೆನೆಯುತ್ತೇವೆ.

ಕಾಳಿಯ ನಾಡಿಗೆ ಬಂದ ಒಬ್ಬ ದೊಡ್ಡ ಅತಿಥಿಯ ಸಂಗತಿಯನ್ನು ಸಾಹಿತ್ಯಪ್ರಿಯರು ಬಲ್ಲರು. 1883ರಲ್ಲಿ ಇಪ್ಪತ್ತೆರಡು ವರ್ಷದ ತರುಣ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದರು. ಅಣ್ಣ ಸತ್ಯೇಂದ್ರನಾಥರು ಆಗ ಅಲ್ಲಿ ನ್ಯಾಯಾಧೀಶರು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಕವಿ ಬರೆದದ್ದು ಆ ಕಡಲತೀರದಲ್ಲಿ. ಮುಂದೆ ಅವರು ತಮ್ಮ ಆತ್ಮಕಥನದಲ್ಲಿ ಕಾರವಾರದ ಒಂದು ಬೆಳುದಿಂಗಳ ರಾತ್ರಿಯನ್ನು ಚಿತ್ರಿಸಿದ್ದಾರೆ. ಗೆಳೆಯರೊಡನೆ ಪುಟ್ಟ ದೋಣಿಯಲ್ಲಿ ಕಾಳಿನದಿಯನ್ನೇರಿ ಹೋದದ್ದು, ಶಿವಾಜಿಯ ಕಾಲದ ಗುಡ್ಡದ ಕೋಟೆಯನ್ನು ಕಂಡದ್ದು, ದಡಕ್ಕಿಳಿದು ಒಬ್ಬ ರೈತನ ಮನೆಯ ಚೊಕ್ಕವಾಗಿ ಗುಡಿಸಿದ ಅಂಗಳದಲ್ಲಿ ಕುಳಿತು, ತಾವೇ ಕಟ್ಟಿಕೊಂಡು ಹೋಗಿದ್ದ ಊಟವನ್ನು ಉಂಡದ್ದು, ಮತ್ತೆ ಹೊಳೆಯ ಸೆಳವಿಗೆ ದೋಣಿಯನ್ನು ಬಿಟ್ಟು ಹಿಂದಿರುಗಿದ್ದು.

ಈ ಚಿತ್ರವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಂಗಳ ಅವರದು, ಬುತ್ತಿ ನಮ್ಮದು, ಬೆಳಕು ಚಂದ್ರನದು. ಪರಿಸರಸ್ನೇಹಿ ವಸತಿಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯೆ ನನಗೆ ಇನ್ನೂ ದೊರೆತಿಲ್ಲ. ಸಂಬಂಧಗಳನ್ನೆಲ್ಲ ಕಡಿದು ಪ್ರಕೃತಿಯನ್ನು ಗೆದ್ದೆನೆಂದು ಬೀಗಿದ ಸನ್ಯಾಸಿಯೊಬ್ಬನನ್ನು ಒಬ್ಬ ಅನಾಥ ಬಾಲೆಯ ಮಮತೆ ಮರಳಿ ಲೋಕಕ್ಕೆ ಎಳೆದು ತರುವುದೇ ಆ ನಾಟಕದ ವಸ್ತು. ಕಾರವಾರದ ಮಣ್ಣಿನಲ್ಲಿ ಆ ವಸ್ತು ಹೊಳೆದದ್ದು ಆಕಸ್ಮಿಕವಿರಲಾರದು.

ನೆಲಕ್ಕೆ ತಕ್ಕ ಮನೆ

ನಮ್ಮ ಸೀಮೆಯ ಹಳೆಯ ಮನೆಗಳನ್ನು ನೆನೆದುಕೊಳ್ಳಿ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣು ಹಾಕಿದ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಚೈತ್ರದ ಬಿಸಿಲಿನಲ್ಲಿಯೂ ಒಳಗೆ ತಂಪು. ಈ ಮನೆಯನ್ನು ಯಲ್ಲಾಪುರದಲ್ಲಿ ಕಟ್ಟಿದರೆ ಮೊದಲನೆಯ ಮಳೆಗಾಲಕ್ಕೇ ಮಾಳಿಗೆ ಕರಗಿ ನಡುಮನೆಗೆ ಇಳಿದೀತು. ಅಲ್ಲಿಯದು ಚಿರೇಕಲ್ಲಿನ ಗೋಡೆ, ಕಡಿದಾದ ಹೆಂಚಿನ ಇಳಿಮಾಡು, ಮಳೆಯ ಇರಚಲು ತಡೆಯಲು ಅಡಿಕೆಯ ಸೋಗೆಯ ತಟ್ಟಿ. ಮಳೆಗಾಲದುದ್ದಕ್ಕೂ ಧಾರಾಳವಾಗಿ ಸುರಿಯುವ ನೀರನ್ನು ಕ್ಷಣವೂ ನಿಲ್ಲಗೊಡದೆ ಕೆಳಗಿಳಿಸುವ ಮನೆ ಅದು. ಎರಡೂ ಕಡೆಯ ಮನೆ ಆಯಾ ನೆಲದ ಮಾತು ಕೇಳಿ ಎದ್ದದ್ದು. ಗಾಜಿನ ಗೋಡೆ, ತಂಪುಯಂತ್ರಗಳ ಕಟ್ಟಡವಾದರೋ ಬಾಗಲಕೋಟೆಯಲ್ಲಿಯೂ ಒಂದೇ, ಗೋಕರ್ಣದಲ್ಲಿಯೂ ಒಂದೇ. ಅದು ಯಾವ ನೆಲದ ಮಾತನ್ನೂ ಕೇಳುವುದಿಲ್ಲ. ಕೇಳದ ತಪ್ಪಿಗೆ ಹಗಲಿರುಳೂ ವಿದ್ಯುತ್ತಿನ ದಂಡ ತೆರುತ್ತದೆ.

ಇರುವುದನ್ನೇ ಬಳಸಿಕೊಂಡ ಒಂದು ನಿದರ್ಶನ ಗಣೇಶಗುಡಿಯಲ್ಲಿದೆ. ಕಾಳಿಗೆ ಸೂಪಾ ಅಣೆಕಟ್ಟು ಕಟ್ಟುವ ಕಾಲದಲ್ಲಿ ಸಿಡಿಮದ್ದು ಇಡುತ್ತಿದ್ದ ಉಗ್ರಾಣವೊಂದು ಕಾಡಿನಲ್ಲಿ ಉಳಿದಿತ್ತು. 1980ರಲ್ಲಿ ಹುಟ್ಟಿದ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಅದನ್ನೇ ವಸತಿಯಾಗಿ ಮಾರ್ಪಡಿಸಿ ‘ಓಲ್ಡ್ ಮ್ಯಾಗಜಿನ್ ಹೌಸ್’ ಎಂಬ ಹೆಸರನ್ನು ಹಾಗೆಯೇ ಉಳಿಸಿತು. ಅಂಗಳದಲ್ಲಿ ಹಕ್ಕಿಗಳಿಗೆಂದು ನೀರಿನ ಪುಟ್ಟ ತೊಟ್ಟಿಗಳಿವೆ. ಅತಿಥಿಗಳು ಸುಮ್ಮನೆ ಕುಳಿತರೆ ಸಾಕು; ಕಾಡಿನ ಹಕ್ಕಿಗಳು ಒಂದೊಂದಾಗಿ ಇಳಿದು ಮಿಂದು ಹೋಗುತ್ತವೆ. ಬಂಡೆ ಸಿಡಿಸುವ ಮದ್ದಿದ್ದ ಜಾಗದಲ್ಲಿ ಈಗ ಹಕ್ಕಿ ಬೆದರೀತೆಂದು ಮನುಷ್ಯರು ಪಿಸುಮಾತಿನಲ್ಲಿ ಆಡುತ್ತಾರೆ.

ಆ ಕಾಡಿನ ಮಂಗಟ್ಟೆಯ ಸಂಸಾರವನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಹೆಣ್ಣು ಹಳೆಯ ಮರದ ಪೊಟರೆಯೊಳಗೆ ಸೇರಿ, ಕೊಕ್ಕಿನಷ್ಟು ಸೀಳು ಬಿಟ್ಟು ಬಾಗಿಲನ್ನು ಮುಚ್ಚಿಕೊಂಡು ತಿಂಗಳುಗಟ್ಟಲೆ ಮೊಟ್ಟೆ ಮರಿಗಳೊಡನೆ ಒಳಗೇ ಇರುತ್ತದೆ. ಗಂಡು ಆಲ, ಅತ್ತಿಗಳ ಹಣ್ಣನ್ನು ತಂದು ಆ ಸೀಳಿನಿಂದ ಉಣಿಸುತ್ತದೆ; ತಿಂದ ಹಣ್ಣಿನ ಬೀಜವನ್ನು ದೂರದೂರಕ್ಕೆ ಒಯ್ದು ಕಾಡನ್ನೂ ಬಿತ್ತುತ್ತದೆ. ಗಂಡು ಅಂಜಿ ದೂರವಾದರೆ ಒಳಗಿನ ಸಂಸಾರಕ್ಕೆ ಉಪವಾಸ. ಹತ್ತಿರದ ವಸತಿಯಲ್ಲಿ ಧ್ವನಿವರ್ಧಕವಿಟ್ಟು ಕುಣಿಯುವವರಿಗೆ ಈ ಲೆಕ್ಕ ತಿಳಿದಿರುವುದಿಲ್ಲ. ದಾಂಡೇಲಿಯ ಸುತ್ತ ನಾಲ್ಕು ಜಾತಿಯ ಮಂಗಟ್ಟೆಗಳಿವೆ. 2011ರಲ್ಲಿ ಅವುಗಳಿಗಾಗಿಯೇ ಸಂರಕ್ಷಣಾ ಮೀಸಲು ಪ್ರದೇಶವೊಂದನ್ನು ಗುರುತಿಸಲಾಯಿತು.

ಯಲ್ಲಾಪುರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ ನಾನು ಮೂರು ದಿನ ಇದ್ದೆ. ಗುಡ್ಡದ ಅಬ್ಬಿಯ ನೀರು ಯಾವ ಪಂಪೂ ಇಲ್ಲದೆ, ಇಳಿಜಾರಿನ ಬಲದಿಂದಲೇ ಹಿತ್ತಿಲಿಗೆ ಬಂದು ಬೀಳುತ್ತಿತ್ತು. ಬಚ್ಚಲಿನ ಹಂಡೆಯ ಕೆಳಗೆ ಉರಿಯುತ್ತಿದ್ದದ್ದು ಅಡಿಕೆಯ ಸಿಪ್ಪೆ. ಊಟಕ್ಕೆ ಬಾಳೆಲೆ; ಒಂದು ತಂಬುಳಿ, ಒಂದು ಅಪ್ಪೆಹುಳಿ, ಹಿತ್ತಿಲಿನ ಬಸಳೆ. ಉಂಡ ಎಲೆ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ನಮ್ಮ ಸೀಮೆಯ ಸ್ವಭಾವ ಬಿಡಬೇಕಲ್ಲ! ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆಂದು ಮನೆಯ ಯಜಮಾನತಿಯನ್ನು ಕೇಳಿದೆ. “ಮತ್ತೆಲ್ಲಿಗೆ ಮಾಸ್ತರೇ, ಬಾಳೆಯ ಬುಡಕ್ಕೆ” ಎಂದು ಆಕೆ ನಕ್ಕರು. ಮನೆಯ ಮುಂದೆ ‘ಪರಿಸರಸ್ನೇಹಿ’ ಎಂಬ ಫಲಕವಿರಲಿಲ್ಲ.

ಗುಡ್ಡ, ನೀರು, ದೀಪ

ಇದಕ್ಕೆ ಪ್ರತಿಯಾದ ಒಂದು ವಸತಿಯನ್ನೂ ಕಂಡೆ. ಹೆಸರು ಬೇಡ. ಗುಡ್ಡದ ನೆತ್ತಿಯನ್ನು ಯಂತ್ರದಿಂದ ಸವರಿ ಸಮತಟ್ಟು ಮಾಡಿದ್ದರು. ಅಂಚಿನಲ್ಲಿ ಈಜುಕೊಳ, ಅದಕ್ಕೆ ಕೆಳಗಿನ ಹಳ್ಳದ ನೀರನ್ನು ಪಂಪಿನಿಂದ ಏರಿಸುತ್ತಿದ್ದರು. ಅದೇ ಹಳ್ಳದ ಕೆಳಗಣ ಕೇರಿಯವರು ಮಾರ್ಚಿ ತಿಂಗಳಿನಲ್ಲಿ ಕೊಡ ಹಿಡಿದು ಟ್ಯಾಂಕರು ಕಾಯುತ್ತಿದ್ದರು. ಮಲೆನಾಡಿನಲ್ಲಿ ಟ್ಯಾಂಕರು! ಹುನಗುಂದದವನಿಗೆ ಇದಕ್ಕಿಂತ ಪರಿಚಿತವಾದ ನೋಟವಿಲ್ಲ. ಅದನ್ನು ಅಲ್ಲಿ ಕಾಣುವೆನೆಂದು ಮಾತ್ರ ಎಣಿಸಿರಲಿಲ್ಲ. ಮಳೆ ಎಷ್ಟು ಬಿದ್ದರೇನು? ಗುಡ್ಡದ ಮೇಲಿನ ಕಾಡು ಅದನ್ನು ಹಿಡಿದು ಇಂಗಿಸದಿದ್ದರೆ ಬೇಸಗೆಗೆ ಒರತೆಯಿಲ್ಲ. ನಮ್ಮಲ್ಲಿ ಒಡ್ಡು ಮಾಡುವ ಕೆಲಸವನ್ನು ಅಲ್ಲಿ ಮರದ ಬೇರು ಮಾಡುತ್ತದೆ.

ಇಳಿಜಾರಿನ ಬುಡವನ್ನು ಕಡಿದು, ಬೇರನ್ನು ಕಿತ್ತರೆ ನೀರು ಬತ್ತುವುದಷ್ಟೇ ಅಲ್ಲ, ನೆಲವೇ ಜಾರುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ತೂಕ ಹೆಚ್ಚಿಸಿಕೊಂಡ ಮಣ್ಣಿಗೆ ಕೆಳಗಿನ ಆಸರೆ ತಪ್ಪಿದರೆ ಅದು ನಿಲ್ಲುವುದೆಲ್ಲಿ? 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ಮನೆ, ತೋಟಗಳು ಹಾಳಾದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿದು, ರಸ್ತೆಯ ಮೇಲಿದ್ದವರನ್ನು ಗಂಗಾವಳಿಯ ಪಾಲು ಮಾಡಿತು. ಅದೇ ತಿಂಗಳ ಕಡೆಯಲ್ಲಿ ಕೇರಳದ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಶಿರೂರಿನದು ವಸತಿಗೃಹದ ಕತೆಯಲ್ಲ, ಹೆದ್ದಾರಿಯ ಕತೆ. ಆದರೆ ಗುಡ್ಡಕ್ಕೆ ಈ ಭೇದ ತಿಳಿಯದು. ರಸ್ತೆಗೆ ಕಡಿದರೂ ಕಡಿತವೇ, ನೋಟ ಚೆನ್ನಾಗಿ ಕಾಣಲೆಂದು ಕಡಿದರೂ ಕಡಿತವೇ.

ಕಡಲತೀರಕ್ಕೆ ಬಂದರೆ ದೀಪದ ಮಾತು ಬರುತ್ತದೆ. ಕಾರವಾರ, ಹೊನ್ನಾವರಗಳ ಮರಳಿಗೆ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಸುಮಾರು ಐವತ್ತು ದಿನಗಳ ಮೇಲೆ ಇರುಳಿನಲ್ಲಿ ಮರಿಗಳು ಮರಳಿನಿಂದೆದ್ದು, ಬೆಳಕಿರುವ ದಿಕ್ಕನ್ನು ಕಡಲೆಂದು ನಂಬಿ ಹರಿದಾಡುತ್ತವೆ. ಸಾವಿರಾರು ವರ್ಷ ಆ ನಂಬಿಕೆ ನಿಜವಾಗಿತ್ತು. ಇರುಳಿನಲ್ಲಿ ಬಯಲಾದ ಕಡಲೇ ಬೆಳಗಿರುತ್ತಿತ್ತು. ದಂಡೆಯ ಮೇಲೆ ಸಾಲುದೀಪ ಹೊತ್ತಿಸಿದರೆ ಮರಿಗಳು ಕಡಲಿಗೆ ಬೆನ್ನು ಮಾಡಿ ದೀಪದತ್ತ ಸಾಗಿ, ಬೆಳಗಾಗುವ ವೇಳೆಗೆ ಕಾಗೆ ನಾಯಿಗಳ ಬಾಯಿಗೆ ಬೀಳುತ್ತವೆ. ದಂಡೆಯ ವಸತಿ ಒಂದು ದೀಪವನ್ನು ಆರಿಸಿದರೆ ಅದು ಒಂದು ದಾನವೇ ಸರಿ.

ಹೊನ್ನಾವರದ ಕಾಸರಕೋಡು ದಂಡೆಗೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅಲ್ಲಿಗೆ ಸಮೀಪದಲ್ಲಿಯೇ ಶರಾವತಿಯ ಕಾಂಡ್ಲಾವನದೊಳಗೆ ಹಲಗೆಯ ಕಾಲುದಾರಿಯಿದೆ. ಕೆಸರಿನಿಂದ ಮೇಲೆದ್ದ ಉಸಿರುಬೇರುಗಳನ್ನು ತುಳಿಯದೆ ನೋಡಬಹುದು. ದಕ್ಷಿಣೋತ್ತರವಾಗಿ ಹಬ್ಬಿದ ಈ ತೀರದಲ್ಲಿ ಅಘನಾಶಿನಿಯದು ಇನ್ನೊಂದು ಬಗೆ. ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲದ ಹೊಳೆ. ಅಳಿವೆಯಲ್ಲಿ ಜನ ಬಳಚು ಆಯುತ್ತಾರೆ. ಉಪ್ಪುನೀರು ನುಗ್ಗುವ ಗಜನಿಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. 2024ರಲ್ಲಿ ಆ ಅಳಿವೆಯ 4801 ಹೆಕ್ಟೇರು ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿನ ಬಿಡಾರದಲ್ಲಿ ಇಳಿದುಕೊಂಡವರು ಇಳಿತದ ವೇಳೆಗೆ ಹೊಳೆಗೆ ಹೋಗಿ, ಸೊಂಟದ ಮಟ್ಟದ ನೀರಿನಲ್ಲಿ ಬಳಚು ಆಯುವ ಹೆಂಗಸರನ್ನು ನೋಡಬೇಕು. ಅಳಿವೆಗೆ ಒಂದು ಕೊಳಚೆಯ ಕೊಳವೆ ಬಿದ್ದರೆ ಮೊದಲು ಬರಿದಾಗುವುದು ಅವರ ಬುಟ್ಟಿ.

ಮನೆಯವರು ಯಾರು?

ಮನೆ ಎಂಥದೆಂಬುದರಷ್ಟೇ ಮುಖ್ಯ, ಮನೆಯವರು ಯಾರೆಂಬುದು. ಸೂಪಾ ಎಂಬ ಊರು ಇಂದು ಜಲಾಶಯದ ತಳದಲ್ಲಿದೆ. ತಾಲ್ಲೂಕಿನ ಕಚೇರಿಗಳು ಜೊಯಿಡಾಕ್ಕೆ ಬಂದವು. ಮುಳುಗಿದ ಊರುಗಳ ಜನ ರಾಮನಗರ ಮೊದಲಾದ ಕಡೆ ನೆಲೆಸಿದರು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಒಪ್ಪಿಸಿ ನವನಗರಕ್ಕೆ ಹೋದ ನಮ್ಮವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಒಂದರ ಕೆಳಗೊಂದು ಅಣೆಕಟ್ಟು ಬಂದವು. ನಾಡಿಗೆ ಬೆಳಕು ಕೊಟ್ಟ ಈ ತಾಲ್ಲೂಕಿನ ಕುಣಬಿಯರು, ಗೌಳಿಗರು, ಸಿದ್ದಿಗಳು ಕಾಡಿನ ಅಂಚಿನಲ್ಲಿ ಗೆಡ್ಡೆ ಗೆಣಸು ಬೆಳೆದು, ಎಮ್ಮೆ ಕಟ್ಟಿ, ಕೂಲಿ ಮಾಡಿ ಬದುಕಿದರು. 1956ರಲ್ಲಿ ದಾಂಡೇಲಿ ಅಭಯಾರಣ್ಯವಾಯಿತು. 2007ರಲ್ಲಿ ಅದು ಅಣಶಿಯ ರಾಷ್ಟ್ರೀಯ ಉದ್ಯಾನದೊಡನೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಕಾಳಿಯ ಹೆಸರು ಪಡೆಯಿತು. ಪ್ರತಿ ಸಲವೂ ಹುಲಿಗೆ ಒಂದಷ್ಟು ನೆಮ್ಮದಿ, ಮನುಷ್ಯನಿಗೆ ಒಂದಷ್ಟು ಕಟ್ಟಳೆ.

ಇಂಥವರ ಮನೆಯ ಒಂದು ಕೋಣೆಗೆ ಸುಣ್ಣ ಬಳಿದು ಅತಿಥಿಗಳನ್ನು ಕರೆದರೆ ಕಟ್ಟಳೆಯ ಕಾಡು ಅನ್ನದ ಕಾಡೂ ಆಗಬಲ್ಲದು. ಜೊಯಿಡಾದ ಹಳ್ಳಿಯೊಂದರಲ್ಲಿ ನನಗೆ ದಾರಿ ತೋರಿಸಿದ ಹುಡುಗ, ಮರದ ಮೇಲಿನ ಉಗುರಿನ ಗೆರೆ ನೋಡಿ ಕರಡಿಯದೆಂದೂ, ಕೂಗು ಕೇಳಿ ಹಕ್ಕಿಯ ಹೆಸರನ್ನೂ ಹೇಳುತ್ತಿದ್ದ. ಅಪ್ಪ ಪಟ್ಟಣದಲ್ಲಿ ಕೂಲಿಗೆ ಹೋಗುತ್ತಿದ್ದನಂತೆ. ಮಗ ಊರಿನಲ್ಲಿಯೇ ಉಳಿದಿದ್ದಾನೆ. ಹೊರಗಿನವರು ಜಮೀನು ಕೊಂಡು ಕಟ್ಟಿದ ದೊಡ್ಡ ವಸತಿಯಲ್ಲಾದರೆ ಅದೇ ಹುಡುಗ ಸಮವಸ್ತ್ರ ತೊಟ್ಟು ಪಾತ್ರೆ ತೊಳೆಯುತ್ತಾನೆ. ಅವನ ಕಾಡಿನ ವಿದ್ಯೆ ಅಲ್ಲಿ ಯಾರಿಗೂ ಬೇಡ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಲ್ಕಣಿಯ ಸುತ್ತಿನ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದ ಅಪ್ಪಿಕೋ ಚಳವಳಿಯನ್ನು ನೆನೆಯಬೇಕು. ಅಲ್ಲಿ ಕಾಡನ್ನು ಕಾದವರು ಪ್ರವಾಸಿಗಳಲ್ಲ; ತೋಟಕ್ಕೆ ಸೊಪ್ಪು, ಬಾವಿಗೆ ನೀರು ಬೇಕಾಗಿದ್ದ ಹಳ್ಳಿಗರು. ಕಾಡಿನ ಅಂಚಿನಲ್ಲಿ ಅವರು ಉಳಿದರೆ ಕಾಡಿಗೆ ಕಾವಲುಂಟು.

ಆದರೆ ಒಂದು ಎಚ್ಚರಿಕೆಯ ಮಾತು. ಒಂದು ಮನೆಯ ಒಂದು ಕೋಣೆ ಸ್ನೇಹ. ಒಂದು ಕಣಿವೆಯಲ್ಲಿ ನೂರು ಕೋಣೆ, ಅವು ಹಳ್ಳಿಗರವೇ ಆದರೂ, ಭಾರ. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹುಲಿ ಸಂರಕ್ಷಿತ ಪ್ರದೇಶಗಳ ನಟ್ಟನಡುವಿನಲ್ಲಿ ಪ್ರವಾಸವನ್ನೇ ತಡೆಹಿಡಿದು, ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿಯೊಡನೆ ಬಿಟ್ಟಿತು. ಆ ಸೂಚಿಯಂತೆ ನಡುಭಾಗದ ಶೇಕಡ 20ಕ್ಕಿಂತ ಹೆಚ್ಚು ನೆಲವನ್ನು ಪ್ರವಾಸಕ್ಕೆ ತೆರೆಯುವಂತಿಲ್ಲ. ಹುಲಿಗೆ ಹಾಕಿಕೊಟ್ಟ ಇಂಥ ಗೆರೆ ಹೊಳೆಗೆ, ಗುಡ್ಡಕ್ಕೆ, ಕಡಲತೀರಕ್ಕೂ ಬೇಕಲ್ಲವೆ? 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ, 2013ರಲ್ಲಿ ಕಸ್ತೂರಿರಂಗನ್ ಸಮಿತಿ ಪಶ್ಚಿಮಘಟ್ಟಕ್ಕೆ ಇಂಥ ಗೆರೆಗಳನ್ನು ಸೂಚಿಸಿದವು. ಎರಡನೆಯದು ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರನ್ನು ಸೂಕ್ಷ್ಮ ಪ್ರದೇಶವೆಂದಿತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ತಮ್ಮ ಮನೆ ತೋಟಗಳ ಗತಿಯೇನೆಂಬ ಹಳ್ಳಿಗರ ಭಯ ಸುಳ್ಳಲ್ಲ; ಆದರೆ ಆ ಭಯದ ಮರೆಯಲ್ಲಿ ನೆತ್ತಿ ಸವರುವ ಯಂತ್ರಗಳಿಗೂ ದಾರಿ ತೆರೆದೇ ಉಳಿಯಿತೆಂಬುದನ್ನು ಮರೆಯಲಾಗದು.

ಎರಡನೆಯ ಕಾರಣ

ಈಗ ಮೊದಲಿಗೆ ಹೇಳದೆ ಉಳಿಸಿದ ಮಾತು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಪಶ್ಚಿಮಘಟ್ಟದ ನೆತ್ತಿಯಲ್ಲಿ. ಅಲ್ಲಿಯ ಭೀಮಗಡದ ಕಾಡು ದಕ್ಷಿಣಕ್ಕೆ ಕಾಳಿಯ ಕಾಡಿನೊಡನೆ ಹೊಂದಿಕೊಂಡಿದೆ. ಒಂದೇ ಮಲೆಸಾಲಿನ ಮಳೆ ಪಡುವಣಕ್ಕೆ ಇಳಿದರೆ ಕಾಳಿ, ಮಹದಾಯಿ; ಮೂಡಣಕ್ಕೆ ಇಳಿದರೆ ಮಲಪ್ರಭೆ. ಮೂಡಣಕ್ಕೆ ತಿರುಗಿದ ನೀರು ನವಿಲುತೀರ್ಥದಲ್ಲಿ ನಿಂತು, ಪಟ್ಟದಕಲ್ಲು, ಐಹೊಳೆಗಳ ಗುಡಿಗಳನ್ನು ಬಳಸಿ, ಸುಮಾರು 300 ಕಿಲೋಮೀಟರು ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ಕೃಷ್ಣೆ ಹುಟ್ಟುವುದೂ ಇದೇ ಸಹ್ಯಾದ್ರಿಯಲ್ಲಿ, ಮಹಾಬಳೇಶ್ವರದಲ್ಲಿ. ಸಂಗಮದ ಕೆಳಗೆ ಆ ನೀರು ನಿಲ್ಲುವುದು ನಾರಾಯಣಪುರದಲ್ಲಿ. ಅಲ್ಲಿಂದ ಕೊಳವೆಯಲ್ಲಿ ಏರಿ ರಾಮಥಾಳದ ಸೀಮೆಯ ತೊಗರಿಯ ಬುಡಕ್ಕೆ ಬೀಳಬೇಕಾದ ಹನಿ, ಎಲ್ಲಿಯೋ ಒಂದು ಕಾಡಿನ ಎಲೆಯಿಂದ ಮೊದಲು ತೊಟ್ಟಿಕ್ಕಿದ್ದು.

ಆದುದರಿಂದ ಆ ಮಲೆಯ ಬಿಡಾರಗಳ ಮಾತು ನಮಗೆ ವಿಹಾರದ ಮಾತಷ್ಟೇ ಅಲ್ಲ. ಬರುವ ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಕೋಣೆ ಗೊತ್ತುಮಾಡುವಾಗ ಬಾಡಿಗೆಯೊಡನೆ ಇನ್ನು ನಾಲ್ಕು ಮಾತುಗಳನ್ನೂ ಕೇಳಲಿ. ನೀರು ಎಲ್ಲಿಂದ ಬರುತ್ತದೆ, ಬಳಸಿದ್ದು ಎಲ್ಲಿಗೆ ಹೋಗುತ್ತದೆ? ಕಟ್ಟುವಾಗ ಗುಡ್ಡವನ್ನು ಎಷ್ಟು ಕಡಿದಿರಿ? ರಾತ್ರಿ ಹತ್ತರ ಮೇಲೆ ಎಷ್ಟು ದೀಪ ಉರಿಯುತ್ತವೆ? ಅಡುಗೆ ಮಾಡುವವರು, ದಾರಿ ತೋರುವವರು ಯಾವ ಊರಿನವರು? ಉತ್ತರ ಸರಿಯಿದ್ದಲ್ಲಿ ಇಳಿದುಕೊಳ್ಳಲಿ. ನೆಲ ಸಾರಿಸುವ, ಎಲೆ ತೆಗೆಯುವ ಕೆಲಸದಲ್ಲಿ ಮಕ್ಕಳೂ ಕೈಜೋಡಿಸಲಿ. ಸ್ಥಾವರ, ಜಂಗಮ ಎಂಬ ಎರಡು ಮಾತು ಸಂಗಮದ ನೆರೆಯವರಾದ ನಮಗೆ ಹೊಸತಲ್ಲ. ನಡೆಯುವವನು ನೆಲಕ್ಕೆ ಭಾರವಾಗದೆ ನಡೆಯಬೇಕು. ಹೊರಡುವ ದಿನ ಆ ಮನೆಯ ಅಂಗಳ, ಬಂದ ದಿನ ಇದ್ದಷ್ಟೇ ಚೊಕ್ಕವಾಗಿರಬೇಕು.